ಏಲಕ್ಕಿಯ ಹೆಸರಿನ ಗೋಡೆಗಳು



ಶಿರಸಿಯ ಪ್ರೌಢಶಾಲೆಯೊಂದರಲ್ಲಿ ನಾನು ಭೂಗೋಳದ ಅಧ್ಯಾಪಕನಾಗಿ ಸೇರಿದ್ದು 1972ರ ಜೂನ್ ತಿಂಗಳಿನಲ್ಲಿ. ಲಂಡನ್ ನಗರವು ಥೇಮ್ಸ್ ನದಿಯ ದಡದಲ್ಲಿದೆ, ಅದು ಪ್ರಪಂಚದ ದೊಡ್ಡ ಬಂದರುಗಳಲ್ಲಿ ಒಂದು ಎಂದು ಎಷ್ಟು ವರ್ಷ ನಿಮ್ಮಿಂದ ಬಾಯಿಪಾಠ ಮಾಡಿಸಿದೆನೋ ಲೆಕ್ಕವಿಲ್ಲ. ಆ ಬಂದರನ್ನು ಕಣ್ಣಾರೆ ನೋಡುವ ಯೋಗ ಈ ಇಳಿವಯಸ್ಸಿನಲ್ಲಿ, ಮಗಳ ಮನೆಗೆ ಹೋದಾಗ ಒದಗಿತು. ನೋಡಿದ ಮೇಲೆ ನಿಮ್ಮ ಮುಂದೆ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕೆನಿಸಿದೆ.

ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ 2015ರಲ್ಲಿ ಸ್ಥಾಪನೆಯಾದ ಬಸವಣ್ಣನವರ ಪ್ರತಿಮೆಗೆ ನಮಸ್ಕರಿಸಿ ಬಂದ ಮರುದಿನ, ಮೊಮ್ಮಗಳು ಅದೇ ದಂಡೆಯ ಇನ್ನೊಂದು ಭಾಗಕ್ಕೆ ಕರೆದೊಯ್ದಳು. 1894ರಲ್ಲಿ ತೆರೆದ ಪ್ರಸಿದ್ಧ ಟವರ್ ಬ್ರಿಜ್‌ನ ಬುಡದಿಂದ ಪೂರ್ವಕ್ಕೆ ಹೊರಟರೆ ಶ್ಯಾಡ್ ಥೇಮ್ಸ್ ಎಂಬ ಇಕ್ಕಟ್ಟಾದ ಓಣಿ ಸಿಗುತ್ತದೆ. ಎರಡೂ ಬದಿಗೆ ಇಟ್ಟಿಗೆಯ ಎತ್ತರದ ಕಟ್ಟಡಗಳು. ತಲೆಯೆತ್ತಿದರೆ ಒಂದರ ಮಹಡಿಯಿಂದ ಎದುರಿನದರ ಮಹಡಿಗೆ ಅಡ್ಡಲಾಗಿ ಹಾದ ಕಬ್ಬಿಣದ ಸಂಕಗಳು. ನಮ್ಮೂರಿನ ಹಳ್ಳದ ಸಂಕಗಳನ್ನು ಯಾರೋ ಆಕಾಶದಲ್ಲಿ ಕಟ್ಟಿದಂತೆ ಅವು ತೋರುತ್ತಿದ್ದವು.

ಇವೆಲ್ಲ ಒಂದು ಕಾಲದ ವಖಾರಿಗಳು. ಇವುಗಳಲ್ಲಿ ಮುಖ್ಯವಾದ ಬಟ್ಲರ್ಸ್ ವಾರ್ಫ್ ಎಂಬ ಕಟ್ಟಡಸಮೂಹವನ್ನು 1871ರಿಂದ 1873ರ ಅವಧಿಯಲ್ಲಿ ಕಟ್ಟಿದರು. ಹಡಗಿನಿಂದ ನದಿಯ ಬದಿಯ ಕಟ್ಟಡಕ್ಕೆ ಮೂಟೆ ಇಳಿಯುತ್ತಿತ್ತು. ಅಲ್ಲಿಂದ ಸಂಕಗಳ ಮೇಲೆ ಉರುಳಿ ಹಿಂದಿನ ಕಟ್ಟಡ ಸೇರುತ್ತಿತ್ತು. ಪ್ರತಿ ಮಹಡಿಯ ಗೋಡೆಯಲ್ಲೂ ಮನುಷ್ಯರು ಓಡಾಡಲಾಗದ ಎತ್ತರದಲ್ಲಿ ಬಾಗಿಲುಗಳಿರುವುದು ಏಕೆಂದು ಮೊಮ್ಮಗಳು ಕೇಳಿದಳು. ರಾಟೆಯಿಂದ ಮೇಲೆತ್ತಿದ ಸರಕನ್ನು ಒಳಗೆ ಎಳೆದುಕೊಳ್ಳುವುದಕ್ಕೆ ಎಂದೆ. ಅಡಿಕೆ ಮಂಡಿಯ ಊರಿನವನಿಗೆ ಅಷ್ಟು ತಿಳಿಯದೆ ಇದ್ದೀತೆ?

ಇಂದು ಆ ಬಾಗಿಲುಗಳು ಶ್ರೀಮಂತರ ಮನೆಗಳ ಕಿಟಕಿಗಳು. ಕೆಳ ಅಂತಸ್ತಿನಲ್ಲಿ ಉಪಾಹಾರ ಗೃಹಗಳು. ಕಟ್ಟಡಗಳ ಹೆಸರು ಮಾತ್ರ ಸಂಬಾರ ಪದಾರ್ಥಗಳದು: ದಾಲ್ಚಿನ್ನಿಯ ಹೆಸರಿನದೊಂದು, ಲವಂಗದ ಹೆಸರಿನದೊಂದು, ಏಲಕ್ಕಿಯ ಹೆಸರಿನದೊಂದು. ನಮ್ಮ ತೋಟದ ಬೆಳೆಯ ಹೆಸರನ್ನು ಸಾವಿರಾರು ಮೈಲಿ ದೂರದ ಗೋಡೆಯ ಮೇಲೆ ಕಂಡು ಹಿಗ್ಗಿ, ಅರಿವಿಲ್ಲದೆಯೇ ಮೂಗನ್ನು ಇಟ್ಟಿಗೆಯ ಹತ್ತಿರ ಒಯ್ದೆ. ಏನೂ ವಾಸನೆ ಇರಲಿಲ್ಲ. ಮೊಮ್ಮಗಳು ನಕ್ಕಳು.

ಬಟ್ಲರ್ಸ್ ವಾರ್ಫ್ ಮುಚ್ಚಿದ ವರ್ಷವನ್ನು ಓದಿದಾಗ ನನ್ನ ನಗು ನಿಂತಿತು. 1972! ನಾನು ಕೈಯಲ್ಲಿ ಸೀಮೆಸುಣ್ಣ ಹಿಡಿದ ವರ್ಷವೇ ಇಲ್ಲಿ ಬಾಗಿಲಿಗೆ ಬೀಗ ಬಿದ್ದಿತ್ತು. ಸರಕನ್ನು ದೊಡ್ಡ ಉಕ್ಕಿನ ಪೆಟ್ಟಿಗೆಗಳಲ್ಲಿ ತುಂಬಿ ತರುವ ಕಂಟೇನರ್ ಹಡಗುಗಳು ಬಂದವು. ಅವಕ್ಕೆ ಈ ಇಕ್ಕಟ್ಟಿನ ಕಟ್ಟೆಗಳು ಸಾಲಲಿಲ್ಲ. ಬಂದರಿನ ವಹಿವಾಟು ಸಮುದ್ರದ ಕಡೆಗೆ, ಟಿಲ್ಬರಿಗೆ ಸರಿಯಿತು. 1967ರಿಂದ 1981ರೊಳಗೆ ನಗರದ ಹಳೆಯ ಹಡಗುಕಟ್ಟೆಗಳೆಲ್ಲ ಒಂದೊಂದಾಗಿ ಮುಚ್ಚಿದವು. ಖಾಲಿ ವಖಾರಿಗಳಿಗೆ ಮೊದಲು ಕಲಾವಿದರು ಬಂದರು. 1980ರ ದಶಕದಲ್ಲಿ ಟೆರೆನ್ಸ್ ಕಾನ್ರನ್ ಎಂಬ ವಿನ್ಯಾಸಕಾರ ಇವನ್ನು ಮನೆಗಳಾಗಿ, ಹೋಟೆಲುಗಳಾಗಿ ಮಾರ್ಪಡಿಸುವ ಕೆಲಸಕ್ಕೆ ಕೈಹಾಕಿದ. ಬಾಳೆಹಣ್ಣಿನ ಗೋದಾಮೊಂದು 1989ರಲ್ಲಿ ವಿನ್ಯಾಸ ಸಂಗ್ರಹಾಲಯವಾಯಿತು. ಆ ಸಂಗ್ರಹಾಲಯವೂ 2016ರಲ್ಲಿ ಬೇರೆಡೆಗೆ ಹೋಯಿತು.

ಇದೆಲ್ಲ ತಪ್ಪೆಂದು ನಾನು ಹೇಳಲಾರೆ. ಹೀಗೆ ಮಾರ್ಪಡಿಸದಿದ್ದರೆ ಈ ಸುಂದರ ಗೋಡೆಗಳು ನೆಲಸಮವಾಗುತ್ತಿದ್ದವೇನೋ. ಆದರೂ ಮನಸ್ಸಿನಲ್ಲಿ ಒಂದು ಮುಳ್ಳು. ಹತ್ತಿರದ ವೃತ್ತದಲ್ಲಿ ಕುದುರೆಯ ವಿಗ್ರಹವೊಂದಿದೆ. ಮದ್ಯ ತಯಾರಿಕೆಯ ಕಾರ್ಖಾನೆಯ ಬಂಡಿ ಎಳೆಯುತ್ತಿದ್ದ ಕುದುರೆಗಳ ನೆನಪಿಗೆ ಅದನ್ನು ನಿಲ್ಲಿಸಿದ್ದಾರೆ. ಬಹಳ ಸಂತೋಷ. ಸರಕಿಗೆ ಹೆಸರುಫಲಕ ಉಂಟು, ಕುದುರೆಗೆ ವಿಗ್ರಹ ಉಂಟು. ಮೂಟೆ ಹೊತ್ತ ಮನುಷ್ಯನ ಗುರುತು ಮಾತ್ರ ನಾನು ನಡೆದ ಆ ದಾರಿಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಆಗ ನೆನಪಾದವನು ನನ್ನ ಒಬ್ಬ ವಿದ್ಯಾರ್ಥಿ. ಹೆಸರು ಹೇಳುವುದಿಲ್ಲ, ಅವನ ಸಹಪಾಠಿಗಳಿಗೆ ತಿಳಿದೀತು. ಅವನ ತಂದೆ ಅಡಿಕೆ ಮಂಡಿಯಲ್ಲಿ ಹಮಾಲಿ. ಲಂಡನ್ ಬಂದರಿನ ಪಾಠ ನಡೆದಿದ್ದಾಗ ಹಿಂದಿನ ಬೆಂಚಿನಿಂದ ಎದ್ದುನಿಂತು, "ಸರ್, ಅಷ್ಟೆಲ್ಲ ಹಡಗಿನ ಮೂಟೆ ಹೊರುವವರು ಯಾರು?" ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನನಗೆ ಉತ್ತರ ತಿಳಿದಿರಲಿಲ್ಲ. "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೊ" ಎಂದು ಗದರಿದೆ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಎಷ್ಟೋ ಕಾಲದ ನಂತರ ಮಂಡಿಯಲ್ಲಿ ಕಂಡ. ಬೆನ್ನ ಮೇಲಿನ ಚೀಲ ಇಳಿಸಿ, ಕೈಯಲ್ಲಿನ ಕೊಕ್ಕೆಯನ್ನು ಹಿಂದೆ ಮರೆಮಾಡಿ ನಮಸ್ಕಾರ ಮಾಡಿದ. ನಾನು ಪ್ರತಿ ನಮಸ್ಕಾರ ಮಾಡಿ ಮುಂದೆ ನಡೆದೆ.

ಮಗನೆ, ನಿನ್ನ ಪ್ರಶ್ನೆಗೆ ಉತ್ತರ ಈಗ ಹೇಳುತ್ತೇನೆ. ಹೊರುತ್ತಿದ್ದವರು ನಿನ್ನ ತಂದೆಯಂಥವರೇ. ಅವರ ಕೈಯಲ್ಲೂ ಕೊಕ್ಕೆ ಇರುತ್ತಿತ್ತು. ಬೆಳಿಗ್ಗೆ ಬಾಗಿಲ ಮುಂದೆ ಗುಂಪಾಗಿ ನಿಲ್ಲಬೇಕು; ಮೇಸ್ತ್ರಿ ಬೆರಳು ತೋರಿಸಿದವರಿಗೆ ಆ ದಿನದ ಕೂಲಿ, ಉಳಿದವರಿಗೆ ಉಪವಾಸ. ಬೆನ್ ಟಿಲ್ಲೆಟ್ ಎಂಬಾತ ಚಹಾ ವಖಾರಿಗಳ ಕೂಲಿಗಳಿಗಾಗಿ 1887ರಲ್ಲಿ ಸಂಘ ಕಟ್ಟಿದ. 1889ರಲ್ಲಿ ಲಂಡನ್ ಬಂದರಿನ ಕೂಲಿಗಳು ಗಂಟೆಗೆ ಆರು ಪೆನ್ಸ್ ಬೇಕೆಂದು ಮುಷ್ಕರ ಹೂಡಿ ಸುಮಾರು ಐದು ವಾರ ಹಸಿದು ನಿಂತರು, ಗೆದ್ದರು. ದಿನಗೂಲಿಯ ಪದ್ಧತಿ ಪೂರ್ತಿ ತೊಲಗಿದ್ದು 1967ರಲ್ಲಿ. ಅಷ್ಟರಲ್ಲಿ ಉಕ್ಕಿನ ಪೆಟ್ಟಿಗೆಗಳು ಬಂದು ಹೊರುವ ಕೆಲಸವೇ ಇಲ್ಲದಂತಾಯಿತು.

ಪ್ರಪಂಚದ ಬಂದರುಗಳ ಬಗ್ಗೆ ನಾನು ಬಲ್ಲ ಪ್ರಶ್ನೆಗಳಲ್ಲಿ ನಿನ್ನದೇ ದೊಡ್ಡದು. ಅದನ್ನು ಕೂರಿಸಿದವನು ನಾನು. ಕಾಯಕದ ಹಿರಿಮೆಯನ್ನು ನಿಮಗೆಲ್ಲ ಭಾಷಣದಲ್ಲಿ ಹೇಳಿದ ಮೇಷ್ಟ್ರಿಗೆ, ಕಾಯಕದ ಮಗನೊಬ್ಬ ಎದ್ದು ಕೇಳಿದಾಗ ಕಿವಿ ಇರಲಿಲ್ಲ.

ನಮ್ಮ ಪೇಟೆಯ ಹಳೆಯ ವಖಾರಿಗಳೂ ಒಂದು ದಿನ ಹೊಸ ಬಣ್ಣ ಬಳಿದುಕೊಂಡು ಹೋಟೆಲುಗಳಾಗಬಹುದು. ಆಗಲಿ, ಬೀಳುವುದಕ್ಕಿಂತ ಅದು ಮೇಲು. ಬಾಗಿಲ ಮೇಲೆ ಅಡಿಕೆಯ ಹೆಸರು ಬರೆಸುವವರು ನಿಮ್ಮಲ್ಲೇ ಯಾರಾದರೂ ಇದ್ದರೆ, ಅದರ ಕೆಳಗೆ ಹೊತ್ತವರ ಹೆಸರನ್ನೂ ಬರೆಸಿರಿ. ಮತ್ತು ಆ ನನ್ನ ವಿದ್ಯಾರ್ಥಿ ಈಗ ಎಲ್ಲಿದ್ದಾನೆಂದು ತಿಳಿದವರು ದಯವಿಟ್ಟು ನನಗೆ ತಿಳಿಸಿರಿ. ಇದನ್ನು ಅವನ ಎದುರಿಗೆ ಕುಳಿತು ಓದಿ ಹೇಳಬೇಕಾಗಿದೆ.