ಮೇಜಿನ ಮಾತು – 9: ಅದು ಕೇಳ್ತಾನೇ ಇತ್ತು, ನಾನೇ ಕೇಳಿಸ್ಕೊಳ್ಳಲಿಲ್ಲ

ಮೊದಲ ಫೋಟೋದಲ್ಲಿರೋದು ಅರಸೀಕೆರೆಯಲ್ಲಿರೋ ನಮ್ಮ ಸೋದರಮಾವನ ಸ್ಟುಡಿಯೋ. ಮದುವೆ, ಗೃಹಪ್ರವೇಶ, ನಾಮಕರಣ, ಎಲ್ಲದಕ್ಕೂ ಕ್ಯಾಮೆರಾ ಹೊತ್ತು ಹೋಗ್ತಾರೆ. ಸ್ವೈಪ್ ಮಾಡಿ: ಒಂದೇ ಬಟನ್ ಇರೋ ಈ ಪುಟ್ಟ ಕಿಟಕಿ ನಾನು ಅವರಿಗೋಸ್ಕರ ಬರೆದ ಆ್ಯಪ್. ಇವತ್ತಿನ ಕಥೆ ಆ ಬಟನ್ ಹಿಂದೆ ಇರೋದು.

ಮದುವೆ ವಿಡಿಯೋ ಫೈಲುಗಳು ಭಾರೀ ದೊಡ್ಡವು. ಅವನ್ನ ಚಿಕ್ಕ ಎಂಪಿ4 ಮಾಡೋಕೆ ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ಪ್ರೋಗ್ರಾಮ್ ಇದೆ. ಆದ್ರೆ ಅದಕ್ಕೆ ಬಟನ್ ಇಲ್ಲ, ಮೆನು ಇಲ್ಲ. ಕಪ್ಪು ಕಿಟಕಿಯಲ್ಲಿ ಕಮಾಂಡ್ ಟೈಪ್ ಮಾಡ್ಬೇಕು. ಮಾವ ಒಂದ್ಸಲ ನೋಡಿ "ಇದೆಲ್ಲ ನನ್ ಕೈಲಾಗಲ್ಲ ಪುಟ್ಟಿ" ಅಂದ್ರು. ಸರಿ, ಪೈಥಾನ್‌ನಲ್ಲಿ ಆ್ಯಪ್ ಬರೆದೆ. ಅವರು ಫೈಲ್ ಆರಿಸಿ ಬಟನ್ ಒತ್ತಿದ್ರೆ ಸಾಕು, ಆ ಪ್ರೋಗ್ರಾಮ್ ಹಿನ್ನೆಲೆಯಲ್ಲಿ ಕಾಣದಂತೆ ಓಡುತ್ತೆ.

ಮೊದಲ ದಿನವೇ ಪಾಠ. ಬಟನ್ ಒತ್ತಿದ ಕೂಡಲೇ ಇಡೀ ಕಿಟಕಿ ಮರಗಟ್ಟಿ 'ನಾಟ್ ರೆಸ್ಪಾಂಡಿಂಗ್' ಅಂತು. ಹೋಟೆಲಲ್ಲಿ ಕ್ಯಾಶ್ ಕೌಂಟರಿನವರೇ ಎದ್ದು ದೋಸೆ ಹುಯ್ಯೋಕೆ ಹೋದ್ರೆ ಏನಾಗುತ್ತೆ ಹೇಳಿ? ಟೋಕನ್ ಕೊಡೋರಿಲ್ಲ, ಮಾತಾಡೋರಿಲ್ಲ. ಕಿಟಕಿ ಬರೆಯೋದು, ಮೌಸಿಗೆ ಉತ್ತರ ಕೊಡೋದು ಎಲ್ಲಾ ಒಂದೇ ಥ್ರೆಡ್. ಅದನ್ನೇ ವಿಡಿಯೋ ಮುಗಿಯೋವರೆಗೂ ಕಾಯೋಕೆ ನಿಲ್ಲಿಸಿದ್ದೆ. ಕಾಯೋ ಕೆಲಸವನ್ನ ಬೇರೆ ಥ್ರೆಡ್‌ಗೆ ಹಾಕಿದೆ, ಸರಿಹೋಯ್ತು.

ಆಮೇಲೆ ಎರಡನೇದು. ಎಫ್‌ಎಫ್‌ಎಂಪೆಗ್ ಕೆಲಸ ಮಾಡ್ತಾ ಸುಮ್ನಿರಲ್ಲ. ಎಷ್ಟು ಫ್ರೇಮ್ ಆಯ್ತು, ಎಷ್ಟು ವೇಗ ಅಂತ ಸ್ಟ್ಯಾಂಡರ್ಡ್ ಎರರ್ ಅನ್ನೋ ದಾರಿಯಲ್ಲಿ ಬರೀತಾನೇ ಇರುತ್ತೆ. ಆ ದಾರಿಗೆ ಆ್ಯಪಿನಿಂದ ಪೈಪ್ ಹಾಕಿ, ಈ ಕಡೆ ಯಾರೂ ಓದದಿದ್ರೆ ಪೈಪ್ ತುಂಬಿಹೋಗುತ್ತೆ. ಲಿನಕ್ಸ್‌ನಲ್ಲಿ ಮಾಮೂಲಿ ಅಳತೆ 64 ಕಿಲೋಬೈಟ್. ತುಂಬಿದ ಮೇಲೆ ಬರೆಯೋ ಪ್ರೋಗ್ರಾಮ್ ಜಾಗ ಆಗೋವರೆಗೂ ನಿಂತ್ಕೊಳ್ಳುತ್ತೆ. ದೋಷದ ಸಂದೇಶವೂ ಬರಲ್ಲ. ಇದು ನಂಗೆ ಗೊತ್ತಿತ್ತು. ಹಾಗಾಗಿ ಸಾಲು ಸಾಲಾಗಿ ಓದಿ ಎಸೆಯೋ ಕೋಡ್ ಹಾಕಿ, ನಾನೇ ಜಾಣೆ ಅಂದ್ಕೊಂಡೆ.

ಒಂದು ರಾತ್ರಿ ಮಾವ ಒಂದು ಮದುವೆ ವಿಡಿಯೋ ಹಾಕಿದ್ರು. ಮದುಮಗಳ ಅಣ್ಣ ಮಾರನೇ ದಿನ ಬೆಳಿಗ್ಗೆ ದುಬೈಗೆ ಹೊರಡೋರಿದ್ರು, ಅಷ್ಟರೊಳಗೆ ಪೆನ್‌ಡ್ರೈವ್ ಕೈಗೆ ಸೇರ್ಬೇಕು. ಕಿಟಕಿಯಲ್ಲಿ 'ಕೆಲಸ ನಡೀತಿದೆ…' ಅಂತ ಬಂತು. ಹನ್ನೆರಡಾಯ್ತು, ಎರಡಾಯ್ತು, ಹಾಗೇ ಇತ್ತು. ಬೆಳಿಗ್ಗೆ ಆರಕ್ಕೆ ನಂಗೆ ಫೋನ್.

"ಪುಟ್ಟಿ, ನಾನೇ ಏನೋ ತಪ್ಪು ಒತ್ತಿಬಿಟ್ಟೆ ಅನ್ಸುತ್ತೆ ಕಣೇ. ರಾತ್ರಿ ನಿನ್ನ ಎಬ್ಬಿಸೋದ್ಯಾಕೆ ಅಂತ ಸುಮ್ನಾದೆ."

ಅವರು ಏನೂ ತಪ್ಪು ಒತ್ತಿರಲಿಲ್ಲ. ಅದೇ ಹೆಸರಿನ ಫೈಲ್ ಹಿಂದಿನ ದಿನದ್ದು ಒಂದು ಅಲ್ಲೇ ಇತ್ತು. ಅಂಥ ಹೊತ್ತಲ್ಲಿ ಎಫ್‌ಎಫ್‌ಎಂಪೆಗ್ ಕೇಳುತ್ತೆ: ಫೈಲ್ ಈಗಾಗ್ಲೇ ಇದೆ, ಅದರ ಮೇಲೇ ಬರೀಲಾ, ಹೌದಾ ಇಲ್ವಾ? ಈ ಪ್ರಶ್ನೆಯ ಕೊನೆಗೆ ಹೊಸ ಸಾಲು ಇರಲ್ಲ. ಪೂರ್ತಿ ಸಾಲಿಗೇ ಕಾಯ್ತಿದ್ದ ನನ್ನ ಕೋಡ್ ಕೈಗೆ ಅದು ಸಿಗಲೇ ಇಲ್ಲ. ಸಿಕ್ಕಿದ್ರೂ ಎಸೀತಿತ್ತು ಬಿಡಿ.

ಉತ್ತರ ಕೊಡೋ ದಾರಿ ಯಾಕೆ ತೆರೆದಿಟ್ಟಿದ್ದೆ ಅಂತೀರಾ? 'ನಿಲ್ಲಿಸು' ಬಟನ್‌ಗೋಸ್ಕರ. ಮಧ್ಯದಲ್ಲೇ ಪ್ರೋಗ್ರಾಮ್ ಸಾಯಿಸಿದ್ರೆ ಎಂಪಿ4 ಸಾಮಾನ್ಯವಾಗಿ ಪ್ಲೇ ಆಗಲ್ಲ, ಯಾಕಂದ್ರೆ ಅದರ ಸೂಚಿ ಬರೆಯೋದು ಕೊನೆಗೆ. 'ಕ್ಯೂ' ಅಕ್ಷರ ಕಳಿಸಿದ್ರೆ ಅದು ನೀಟಾಗಿ ಮುಗಿಸಿ ಹೊರಡುತ್ತೆ. ಆ ದಾರಿ ತೆರೆದಿದ್ದಕ್ಕೇ ಅದು ಉತ್ತರ ಬರುತ್ತೆ ಅಂತ ರಾತ್ರಿಯಿಡೀ ಕಾದಿತ್ತು. ಈ ಕಡೆ ಮಾವನೂ ಕಾಯ್ತಿದ್ರು.

ಮದುಮಗಳ ಅಣ್ಣ ಪೆನ್‌ಡ್ರೈವ್ ಇಲ್ದೇ ಹೊರಟ್ರು. ಆಮೇಲೆ ಲಿಂಕ್ ಕಳಿಸಿದ್ವಿ, ಅವರು ಏನೂ ಅನ್ನಲಿಲ್ಲ. ಆದ್ರೂ ಮಾವನ ಮಾತಿಗೆ ಆದ ಸಣ್ಣ ಧಕ್ಕೆ ನನ್ನಿಂದ ಆಗಿದ್ದು.

ಈಗ ಆ್ಯಪಲ್ಲಿ ಹೀಗಿದೆ, ಬೇಕಿದ್ರೆ ಸೇವ್ ಮಾಡ್ಕೊಳ್ಳಿ:
▪️ ಫೈಲ್ ಇದ್ರೆ ಮೊದಲೇ ಕನ್ನಡದಲ್ಲಿ ಕೇಳುತ್ತೆ. 'ಹೌದು' ಅಂದ್ರೆ ಮಾತ್ರ ಕಮಾಂಡಿಗೆ 'ವೈ' ಆಯ್ಕೆ ಸೇರಿಸುತ್ತೆ.
▪️ 'ಕೆಲಸ ನಡೀತಿದೆ' ಬದಲು ಎಷ್ಟು ನಿಮಿಷದ ವಿಡಿಯೋ ಆಯ್ತು ಅಂತ ತೋರಿಸುತ್ತೆ. ಇದಕ್ಕೆ 'ಪ್ರೋಗ್ರೆಸ್' ಅನ್ನೋ ಆಯ್ಕೆನೇ ಇದೆ.
▪️ ಒಂದು ನಿಮಿಷ ಏನೂ ಕದಲದಿದ್ರೆ 'ಏನೋ ತೊಂದರೆಯಾಗಿದೆ, ನಿಮ್ಮ ತಪ್ಪಲ್ಲ' ಅನ್ನುತ್ತೆ.
▪️ ಮುಗಿದಾಗ ಎಕ್ಸಿಟ್ ಕೋಡ್ ನೋಡುತ್ತೆ. ಸೊನ್ನೆ ಬಂದ್ರೆ ಮಾತ್ರ 'ಆಯ್ತು'. ಬಂದ ಸಂದೇಶವೆಲ್ಲ ಲಾಗ್ ಫೈಲಿಗೆ, ಎಸೆಯೋದಿಲ್ಲ.

ಕಪ್ಪು ಕಿಟಕಿ ಮುಚ್ಚಿಟ್ಟಿದ್ದು ಮಾವನಿಗೆ ಸುಲಭ ಆಗ್ಲಿ ಅಂತ. ಆದ್ರೆ ಅದರ ಜೊತೆ ಪ್ರಶ್ನೆಗಳನ್ನೂ ಮುಚ್ಚಿಬಿಟ್ಟಿದ್ದೆ. ಕೋಡ್ ಬರೆಯೋ ಗೆಳೆಯರೇ, ನೀವು ಮುಚ್ಚಿಟ್ಟ ಪ್ರೋಗ್ರಾಮ್ ಏನು ಕೇಳ್ತಿದೆ ಅಂತ ಒಮ್ಮೆ ನೋಡಿ. ಬೇರೆಯವರೇ, ಮುಂದಿನ ಸಲ ಪರದೆ ಸುಮ್ನೆ ನಿಂತ್ರೆ 'ನಾನೇ ತಪ್ಪು ಮಾಡ್ದೆ' ಅಂದ್ಕೊಳ್ಳೋ ಮುಂಚೆ ನಮಗೊಂದು ಫೋನ್ ಮಾಡಿ. ರಾತ್ರಿ ಎರಡಾದ್ರೂ ಪರವಾಗಿಲ್ಲ.

ನಿಮಗೂ ಹೀಗಾಗಿದೆಯಾ? ಕಾಮೆಂಟಲ್ಲಿ ಹೇಳಿ 👇🏽

#ಮೇಜಿನಮಾತು #ಕನ್ನಡದಲ್ಲಿಕೋಡಿಂಗ್ #ಪೈಥಾನ್