ಬೀಳೋ ಹಲ್ಲಿಗೆ ಯಾವ ಡಾಕ್ಟರು

"ನಮ್ಮ ಕಾಲದಲ್ಲಿ ಹಲ್ಲಿನ ಡಾಕ್ಟರು ಎಲ್ಲಿದ್ದರು? ಆದರೂ ಹಲ್ಲು ಕಲ್ಲಿನಂತಿದ್ದವು" ಎನ್ನುವ ಮಾತು ಮದುವೆ ಮನೆಯ ಪಂಕ್ತಿಯಲ್ಲಿ ಈಗಲೂ ಕಿವಿಗೆ ಬೀಳುತ್ತದೆ. ಹಾಗೆನ್ನುವವರಲ್ಲಿ ಎಷ್ಟೋ ಮಂದಿ ಕಟ್ಟಿಸಿಕೊಂಡ ಹಲ್ಲಿನಲ್ಲೇ ಹೋಳಿಗೆ ಮುರಿಯುತ್ತಿರುತ್ತಾರೆ. ನಮ್ಮಜ್ಜನಿಗೆ ಅರವತ್ತು ತುಂಬುವ ಹೊತ್ತಿಗೆ ಎಲೆಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಕೊಡಬೇಕಿತ್ತು. ಅಜ್ಜಿ ರೊಟ್ಟಿಯನ್ನು ಸಾರಿನಲ್ಲಿ ನೆನೆಯಲು ಬಿಟ್ಟು ಕಾಯುತ್ತಿದ್ದಳು. ಅದನ್ನು ಯಾರೂ ಕಾಯಿಲೆ ಎನ್ನಲಿಲ್ಲ. ವಯಸ್ಸಾಯಿತು ಎಂದರು, ಅಷ್ಟೇ.

ದೊಡ್ಡವರ ಹಲ್ಲಿನ ಗತಿಯೇ ಇದಾದರೆ ಮಕ್ಕಳ ಹಾಲುಹಲ್ಲನ್ನು ಕೇಳುವವರು ಯಾರು? ಅದು ಬಂದದ್ದೇ ಬೀಳುವುದಕ್ಕೆ. ಅಲ್ಲಾಡತೊಡಗಿದರೆ ದಾರ ಕಟ್ಟಿ ಎಳೆಯುವುದು, ಬಿದ್ದದ್ದನ್ನು ಸಗಣಿ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯುವುದು, ಅಲ್ಲಿಗೆ ಅದರ ಕಥೆ ಮುಗಿಯಿತು. ದಾವಣಗೆರೆಯ ಪಕ್ಕದ ಹಳ್ಳಿ ನಮ್ಮದು. ಹಲ್ಲುಜ್ಜುವುದು ಬೆಳಿಗ್ಗೆ ಒಂದೇ ಸಲ, ಬೆರಳಿನಲ್ಲಿ. ನಂಜನಗೂಡು ಹಲ್ಲುಪುಡಿ ಇದ್ದರೆ ಸರಿ, ಇಲ್ಲವೆಂದರೆ ಮಂಕಿ ಬ್ರಾಂಡ್ ಕಪ್ಪು ಪುಡಿ, ಅದೂ ಮುಗಿದಿದ್ದರೆ ಒಲೆಯ ಇದ್ದಿಲು ಮತ್ತು ಉಪ್ಪು. ಮೂರು ನಾಲ್ಕು ವರ್ಷದ ಮಕ್ಕಳಿಗೆ ಅದೂ ಇಲ್ಲ, ಮುಖ ತೊಳೆಸುವಾಗ ಬಾಯಿ ಮುಕ್ಕಳಿಸಿದರೆ ಆಯಿತು. ರಾತ್ರಿ ಉಜ್ಜುವುದೆನ್ನುವುದನ್ನು ನಾನು ಕೇಳಿದ್ದು ಹೈಸ್ಕೂಲಿಗೆ ಬಂದ ಮೇಲೆ.

ನೋವು ಬಂದರೆ ಲವಂಗ, ಉಪ್ಪಿನ ನೀರು, ಕೆನ್ನೆಗೆ ಶಾಖ. ಅದಕ್ಕೂ ಬಗ್ಗದಿದ್ದರೆ ಹುಳ ತೆಗೆಯುವ ಹೆಂಗಸು. ಆಕೆ ಜಾತ್ರೆಯ ಹೊತ್ತಿಗೆ ಬರುತ್ತಿದ್ದಳು. ಕಬ್ಬಿಣದ ಸೌಟನ್ನು ಕೆಂಪಗೆ ಕಾಸಿ, ಅದರ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು, ನೆಲಗುಳ್ಳದ ಬೀಜ ಉದುರಿಸಿ, ಏಳುವ ಹೊಗೆಯನ್ನು ಪರಂಗಿ ಎಲೆಯ ದಂಟಿನಿಂದ ಬಾಯೊಳಕ್ಕೆ ಹಿಡಿಸುತ್ತಿದ್ದಳು. ಕೆಳಗೆ ನೀರು ತುಂಬಿದ ತಟ್ಟೆ. ಹೊಗೆ ಆರಿದ ಮೇಲೆ ನೋಡಿದರೆ ನೀರಿನಲ್ಲಿ ಬಿಳೀ ಎಳೆಗಳು ತೇಲುತ್ತಿದ್ದವು. "ನೋಡ್ರವ್ವ, ಎಷ್ಟು ಹುಳ!" ಸುತ್ತ ನಿಂತವರಿಗೆಲ್ಲ ಮೈ ಜುಮ್ಮೆನ್ನುತ್ತಿತ್ತು. ಆ ಎಳೆಗಳು ಬೀಜದ ಒಳಗಿನ ಮೊಳಕೆಗಳು, ಬಿಸಿಗೆ ಸಿಡಿದು ಬಿದ್ದವು. ಹುಳುಕು ಹಲ್ಲಿನಲ್ಲಿ ಹುಳ ಇರುವುದಿಲ್ಲ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾ ನಾವು ತಿಂದ ಸಕ್ಕರೆಯನ್ನು ಆಮ್ಲ ಮಾಡುತ್ತದೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಆದರೆ ನಾಲ್ಕು ದಿನ ನೋವು ಕಡಿಮೆಯಾಗಿರುತ್ತಿದ್ದುದರಿಂದ ಆಕೆಯ ಮಾತಿಗೆ ಎದುರಿರಲಿಲ್ಲ.

ಇದೆಲ್ಲ ಮುಗಿದು, ಕೆನ್ನೆ ಊದಿ, ಮಗು ರಾತ್ರಿಯಿಡೀ ಅತ್ತು, ಮನೆಯವರ ನಿದ್ದೆಯೂ ಕೆಟ್ಟ ಮೇಲೆ ಪೇಟೆಗೆ ಹೊರಡುವುದು. ಅಂದರೆ ಡಾಕ್ಟರ ಮುಖ ನೋಡುವ ಮೊದಲ ದಿನವೇ ಹಲ್ಲು ಕೀಳುವ ದಿನ. ನನ್ನ ಸರದಿ 1977ರಲ್ಲಿ ಬಂತು. ಆಗ ನನಗೆ ಹನ್ನೊಂದು. ಲವಂಗದೆಣ್ಣೆಯ ವಾಸನೆ, ಬಿಳಿ ಬಣ್ಣದ ಕಬ್ಬಿಣದ ಕುರ್ಚಿ, ಪಕ್ಕದಲ್ಲಿ ಉಗುಳುವುದಕ್ಕೆ ಬೋಗುಣಿ, ಗಾಲಿಗಳ ಮೇಲೆ ದಾರ ಸುತ್ತಿಕೊಂಡು ತಿರುಗುವ ಡ್ರಿಲ್ಲು. "ಬಾಯಿ ತೆಗಿಯಮ್ಮ, ಬರೀ ನೋಡ್ತೀನಿ" ಅಂದರು. ತೆಗೆದೆ. ಹಿಂದಿನಿಂದ ಕಾಂಪೌಂಡರ್ ತಲೆ ಹಿಡಿದ, ಅಪ್ಪಾಜಿ ಎರಡೂ ಕೈ ಹಿಡಿದರು. ಸೂಜಿ ಎಲ್ಲಿಂದ ಬಂತೋ ಕಾಣಲಿಲ್ಲ, ಇಕ್ಕಳ ಮಾತ್ರ ಕಂಡಿತು. ಆಮೇಲೆ ಹತ್ತಿ ಕಚ್ಚಿಸಿ, ಐಸ್‌ಕ್ಯಾಂಡಿ ಕೊಡಿಸಿ ಎಂದು ಹೇಳಿ ಕಳಿಸಿದರು.

ಕಿತ್ತ ನೋವು ಎರಡು ದಿನದಲ್ಲಿ ಮರೆತುಹೋಯಿತು. "ಬರೀ ನೋಡ್ತೀನಿ" ಎಂಬ ಮಾತು ಮರೆಯಲಿಲ್ಲ. ಮುಂದೆ ಮದುವೆಯಾಗಿ ಮಗಳು ಹುಟ್ಟಿ ಅವಳು ಶಾಲೆಗೆ ಹೋಗುವವರೆಗೂ ನಾನು ಆ ಕುರ್ಚಿಯ ಹತ್ತಿರ ಸುಳಿಯಲಿಲ್ಲ. ನನ್ನದೇನೂ ವಿಶೇಷವಲ್ಲ. ನಮ್ಮ ಓಣಿಯ ನನ್ನ ವಾರಿಗೆಯವರಲ್ಲಿ ಇಂಥದ್ದೊಂದು ಕಥೆ ಇಲ್ಲದವರು ಅಪರೂಪ. ಆ ಡಾಕ್ಟರನ್ನು ಈಗ ಬೈಯುವುದೂ ಸುಲಭ. ಅಷ್ಟು ಕೆಟ್ಟ ಹಲ್ಲಿಗೆ ಆ ದಿನ ಅವರ ಕೈಯಲ್ಲಿ ಬೇರೆ ಉಪಾಯ ಏನಿತ್ತು? ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಶುರುವಾಗಿದ್ದು 1958ರಲ್ಲಿ, ಮಣಿಪಾಲದ್ದು 1965ರಲ್ಲಿ. ನಮ್ಮ ದಾವಣಗೆರೆಗೆ ಬಾಪೂಜಿ ದಂತ ಕಾಲೇಜು ಬಂದದ್ದು 1979ರಲ್ಲಿ. ಮಕ್ಕಳ ಹಲ್ಲಿಗೇ ಓದಿದ ಡಾಕ್ಟರು ಬೇರೆ ಇರುತ್ತಾರೆಂದು ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ.

ಬಹಳ ವರ್ಷದ ಮೇಲೆ ತಿಳಿದ ಇನ್ನೊಂದು ಸಂಗತಿಯಿದೆ. ಅವತ್ತು ಕಿತ್ತದ್ದು ಹಾಲುಹಲ್ಲಲ್ಲ. ಆರನೇ ವರ್ಷದ ಹೊತ್ತಿಗೆ ಹಾಲುಹಲ್ಲಿನ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದು ದವಡೆ ಹಲ್ಲು ಮೂಡುತ್ತದೆ. ಶಾಶ್ವತ ಹಲ್ಲುಗಳಲ್ಲಿ ಮೊದಲು ಬರುವವುಗಳಲ್ಲಿ ಅದೂ ಒಂದು. ಮೇಲೆರಡು, ಕೆಳಗೆರಡು. ಬಿದ್ದ ಜಾಗದಲ್ಲಿ ಬಾರದ ಕಾರಣ ಹೊಸದೆಂದು ಯಾರ ಗಮನಕ್ಕೂ ಬರುವುದಿಲ್ಲ. ಅದರ ಮೇಲಿನ ಗೆರೆಗಳು ಆಳ, ತಿಂದದ್ದು ಅಲ್ಲೇ ಕೂರುತ್ತದೆ, ಬೇಗ ಹುಳುಕಾಗುತ್ತದೆ. "ಹೋಗ್ಲಿ ಬಿಡು, ಇನ್ನೊಂದು ಬರುತ್ತೆ" ಎಂದು ಅವ್ವ ಸಮಾಧಾನ ಹೇಳಿದ್ದಳು. ಬರಲಿಲ್ಲ. ಅದರ ಹಿಂದಿನ ಹಲ್ಲು ಖಾಲಿ ಜಾಗಕ್ಕೆ ವಾಲಿಕೊಂಡಿತು, ಈಗಲೂ ವಾಲಿಕೊಂಡೇ ಇದೆ.

ಬೀಳುವ ಹಲ್ಲಿಗೆ ಡಾಕ್ಟರು ಯಾಕೆ ಎನ್ನುವ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಹಾಲುಹಲ್ಲು ಇಪ್ಪತ್ತು. ಮೊದಲನೆಯದು ಸಾಮಾನ್ಯವಾಗಿ ಆರು ತಿಂಗಳ ಸುಮಾರಿಗೆ ಬರುತ್ತದೆ, ಕೊನೆಯದು ಬೀಳುವಾಗ ಮಗುವಿಗೆ ಹನ್ನೊಂದು, ಹನ್ನೆರಡು ವರ್ಷ. ಇಷ್ಟು ವರ್ಷ ಅಗಿಯಬೇಕಾದದ್ದು, ಮಾತು ಕಲಿಯಬೇಕಾದದ್ದು ಅವುಗಳಲ್ಲೇ. ಅಡಿಯಲ್ಲಿ ಬೆಳೆಯುವ ಹಲ್ಲಿಗೆ ಜಾಗ ಕಾದುಕೊಂಡಿರುವವೂ ಅವೇ. ಹೊತ್ತಿಗೆ ಮುಂಚೆ ಕಿತ್ತರೆ ಅಕ್ಕಪಕ್ಕದವು ಸರಿದು, ಬರುವ ಹಲ್ಲು ಸೊಟ್ಟಗೆ ಬರುತ್ತದೆ.

ನನ್ನ ಮಗಳು ಬೆಂಗಳೂರಿನಲ್ಲಿದ್ದಾಳೆ. ತನ್ನ ಮಗುವನ್ನು ಹನ್ನೊಂದು ತಿಂಗಳಿಗೇ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ ಅಂದಾಗ ನಕ್ಕೆ. ಬಾಯಲ್ಲಿ ಇದ್ದದ್ದೇ ಆರು ಹಲ್ಲು. ಆದರೆ ಅವಳ ಲೆಕ್ಕ ಸರಿಯಾಗಿತ್ತು. ಮೊದಲ ಹಲ್ಲು ಬಂದ ಆರು ತಿಂಗಳೊಳಗೆ, ಹೆಚ್ಚೆಂದರೆ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ತೋರಿಸಿ ಎನ್ನುವುದು ಈಗ ಮಕ್ಕಳ ದಂತವೈದ್ಯರ ಸಾಮಾನ್ಯ ಸಲಹೆ.

ಜೊತೆಗೆ ನಾನೂ ಹೋಗಿದ್ದೆ. ಕುರ್ಚಿಯನ್ನು ಮುಟ್ಟಲೇ ಇಲ್ಲ. ಡಾಕ್ಟರಮ್ಮ ಒಂದು ಸ್ಟೂಲು ಎಳೆದುಕೊಂಡು ಮಗಳ ಎದುರು ಕೂತರು, ಇಬ್ಬರ ಮೊಣಕಾಲುಗಳೂ ತಾಗುವಷ್ಟು ಹತ್ತಿರ. ಮಗು ಅಮ್ಮನ ಕಡೆ ಮುಖ ಮಾಡಿ ಅವಳ ಸೊಂಟಕ್ಕೆ ಕಾಲು ಹಾಕಿ ಕೂತಿತ್ತು. ಹಾಗೇ ಹಿಂದಕ್ಕೆ ಮಲಗಿಸಿದಾಗ ತಲೆ ಡಾಕ್ಟರ ಮಡಿಲಿಗೆ ಬಂತು. ಅಮ್ಮನ ಮುಖ ಕಾಣುತ್ತಲೇ ಇದೆ, ಅಮ್ಮ ಕೈ ಹಿಡಿದಿದ್ದಾಳೆ. ಮಗು ಅತ್ತಿತು. ಅತ್ತರೆ ಒಳ್ಳೆಯದೇ, ಬಾಯಿ ತಾನಾಗಿ ತೆರೆಯುತ್ತದೆ ಎಂದು ನಕ್ಕರು ಡಾಕ್ಟರಮ್ಮ. ಮೇಲಿನ ತುಟಿ ಎತ್ತಿ ವಸಡಿನಂಚು ನೋಡಿದರು, ಆರು ಹಲ್ಲನ್ನೂ ಗಟ್ಟಿಯಾಗಿ ಎಣಿಸಿದರು, ಎಬ್ಬಿಸಿ ಕೂರಿಸಿದರು. ನೋಡುತ್ತೇನೆ ಎಂದಿದ್ದರು, ನೋಡಿದರು. ಅಷ್ಟೇ.

ಉಳಿದ ಹೊತ್ತೆಲ್ಲ ನಮ್ಮ ವಿಚಾರಣೆ. ರಾತ್ರಿ ಬಾಟಲಿ ಕೊಡುತ್ತೀರಾ? ಅದರಲ್ಲಿ ಏನು? ಬೆಲ್ಲ ಹಾಕಿದ ರಾಗಿ ಸರಿ ಎಂದೆ ನಾನು, ಸ್ವಲ್ಪ ಹೆಮ್ಮೆಯಿಂದಲೇ. ರಾಗಿ ಇರಲಿ, ಬೆಲ್ಲ ಬೇಡ, ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವುದಂತೂ ಬೇಡವೇ ಬೇಡ ಎಂದರು. ಬೆಲ್ಲವಾಗಲಿ ಜೇನಾಗಲಿ ಹಲ್ಲಿನ ಮಟ್ಟಿಗೆ ಸಕ್ಕರೆಯೇ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ತೊಳೆದುಹೋಗುವುದಿಲ್ಲ. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ಆದ್ದರಿಂದ ಮೊದಲು ಕೆಡುವುದು ಮೇಲಿನ ನಾಲ್ಕು. ಆಮೇಲೆ ಪೇಸ್ಟು. ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು, ಅಲ್ಲಿಂದ ಆರರವರೆಗೆ ಬಟಾಣಿಯಷ್ಟು, ಫ್ಲೋರೈಡ್ ಇರುವುದೇ ಆಗಬೇಕು, ಉಜ್ಜುವುದು ದೊಡ್ಡವರೇ. ನುಂಗಿದರೆ ಎಂದು ಕೇಳಿದೆ. ಆ ಅಳತೆಗೆ ಹೆದರಬೇಕಿಲ್ಲ ಎಂದು, ಕುಡಿಯುವ ನೀರು ಯಾವುದೆಂದು ವಿಚಾರಿಸಿದರು. ಪಾವಗಡ, ಮುಂಡರಗಿ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿ, ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿದ ಮಕ್ಕಳನ್ನು ನಾನೇ ನೋಡಿದ್ದೇನೆ. ಹಾಗಾಗಿ ಆ ಪ್ರಶ್ನೆ ಹಿಡಿಸಿತು.

ಈಗ ಮೊಮ್ಮಗಳಿಗೆ ನಾಲ್ಕು. ಆರು ತಿಂಗಳಿಗೊಮ್ಮೆ ಹೋಗಿಬರುತ್ತಾಳೆ. ಡಾಕ್ಟರಮ್ಮ ಮೊದಲು ಏನು ಮಾಡುತ್ತೇನೆಂದು ಹೇಳುತ್ತಾರೆ, ಆಮೇಲೆ ತೋರಿಸುತ್ತಾರೆ, ಆಮೇಲಷ್ಟೇ ಮಾಡುತ್ತಾರೆ. ತಿರುಗುವ ಬ್ರಷ್ಷನ್ನು ಮೊದಲು ಅವಳ ಉಗುರಿನ ಮೇಲೆ ಓಡಿಸಿ ಕಚಗುಳಿ ಇಟ್ಟು, ನಂತರ ಹಲ್ಲಿಗೆ. ಮನೆಯವರಿಗೂ ಕೆಲವು ಕಟ್ಟಪ್ಪಣೆಗಳಿವೆ. ಮಗು ನಿದ್ದೆ ಮಾಡಿ, ತಿಂದು ಗೆಲುವಾಗಿರುವ ಬೆಳಗಿನ ಹೊತ್ತು ಬನ್ನಿ. ನೋವಾಗಲ್ಲ ಎಂದು ಹೇಳಿ ಕರೆತರಬೇಡಿ, ಆ ಯೋಚನೆಯೇ ಇಲ್ಲದ ಮಗುವಿಗೆ ನೀವೇ ಅದನ್ನು ತುಂಬಿದಂತಾಗುತ್ತದೆ. ಸುಮ್ಮನಿದ್ದರೆ ಚಾಕಲೇಟ್ ಎಂಬ ಲಂಚ ಬೇಡ. ಹಠ ಮಾಡಿದರೆ ಸೂಜಿ ಚುಚ್ಚಿಸುತ್ತೇನೆ ಎನ್ನುವುದಂತೂ ಕೂಡದು. ಈ ಕೊನೆಯದನ್ನು ನಮ್ಮವರಿಂದ ಬಿಡಿಸುವುದು ಕಷ್ಟ. ಹೋದ ಸಲ ರೈಲಿನಲ್ಲಿ ಅಪರಿಚಿತ ಹೆಂಗಸೊಬ್ಬರು ಇವಳ ರಂಪ ನೋಡಲಾರದೆ, ಡಾಕ್ಟರ್ ಬರ್ತಾರೆ ನೋಡು ಎಂದು ಹೆದರಿಸಿದರು. ಬರಲಿ, ಹಲ್ಲು ಎಣಿಸ್ತಾರೆ ಎಂದಳು ಇವಳು.

ಈಗಿನದೆಲ್ಲ ಸೊಗಸು ಎನ್ನಲಾರೆ. ಚಾವಣಿಗೆ ಟಿವಿ ಹಾಕಿ ಗೋಡೆಗೆ ಜಿರಾಫೆ ಬರೆಸಿದ ಕ್ಲಿನಿಕ್ಕುಗಳು ಅದರ ಖರ್ಚನ್ನೂ ನಮ್ಮಿಂದಲೇ ವಸೂಲು ಮಾಡುತ್ತವೆ. ಒಂದು ಕಡೆ, ಬಾಯಿ ನೋಡಿ ಮುಗಿಯುವ ಮೊದಲೇ ವರ್ಷದ ಪ್ಯಾಕೇಜಿನ ಹಾಳೆ ಕೈಗೆ ಬಂದಿತ್ತು. ಎದ್ದು ಬಂದೆವು. ಇನ್ನು ಹಳ್ಳಿಯ ಕಡೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಶಾಲೆಯ ಮಕ್ಕಳನ್ನು ಒಂದು ಸಲ ತಂಡ ಬಂದು ತಪಾಸಣೆ ಮಾಡಬೇಕೆಂಬುದು ಅದರ ನಿಯಮ. ಪಟ್ಟಿಯಲ್ಲಿ ಹಲ್ಲೂ ಸೇರಿದೆ. ತಪಾಸಣೆಯಾದ ಮೇಲಿನ ದಾರಿ ಮನೆಯವರದು.

ನಮ್ಮ ಊರಲ್ಲಿರುವ ದೊಡ್ಡಪ್ಪನ ಮಗನ ಮೊಮ್ಮಗನಿಗೆ ಐದು ವರ್ಷ. ಮೇಲಿನ ನಾಲ್ಕು ಹಲ್ಲು ಕಂದಾಗಿ ಮೊಂಡಾಗಿವೆ. ಅಂಗನವಾಡಿಗೆ ಬಂದವರು ಚೀಟಿ ಬರೆದು ಕೊಟ್ಟಿದ್ದರು, ಅದು ದೇವರ ಗೂಡಿನ ಕ್ಯಾಲೆಂಡರಿನ ಹಿಂದೆ ಇತ್ತು. ಕೀಳಲೇಬೇಕೆಂದಿಲ್ಲ, ಹುಳುಕು ಮುಂದುವರಿಯದಂತೆ ಹಚ್ಚುವ ಬೆಳ್ಳಿಯ ಔಷಧಿ ಬಂದಿದೆ, ಹಚ್ಚಿದ ಜಾಗ ಕಪ್ಪಾಗುತ್ತದೆ ಅಷ್ಟೇ, ಸೂಜಿಯಿಲ್ಲ ಡ್ರಿಲ್ಲಿಲ್ಲ, ಔಷಧಿಗೆ ಆಗುತ್ತದೋ ಇಲ್ಲವೋ ಒಮ್ಮೆ ತೋರಿಸಿ ಕೇಳೋಣ ಎಂದೆ. ಹಿಂದಿನ ದವಡೆ ಹಲ್ಲು ಬರುವ ವಯಸ್ಸು, ಅದನ್ನಾದರೂ ಉಳಿಸಿಕೊಳ್ಳಬೇಕಲ್ಲ ಎಂದೂ ಹೇಳಿದೆ.

"ಅವ್ನಿಗೆ ನೋವೇನಿಲ್ಲಲ್ಲತ್ತೆ" ಎಂದ ಅಣ್ಣನ ಮಗ.

ನೋವಿಲ್ಲದಿರುವಾಗಲೇ ಹೋಗಬೇಕು ಕಣೋ ಎಂದು ಅವನಿಗೆ ಎರಡು ಸಲ ಹೇಳಿಯಾಗಿದೆ. ದಾವಣಗೆರೆಗೆ ಬಸ್ಸು ಗಂಟೆಗೊಂದಿದೆ, ಕಾಲೇಜಿನ ಆಸ್ಪತ್ರೆಯಲ್ಲಿ ಮಕ್ಕಳದೇ ವಿಭಾಗವಿದೆ, ಜೊತೆಗೆ ನಾನೂ ಬರುತ್ತೇನೆ. ಜಾತ್ರೆ ಮುಗಿಯಲಿ ಅಂದಿದ್ದಾನೆ.