ಒಂದು ಮಿಕ್ಸರ್ ಕೊಂಡ ಕಥೆ

ಮನೆಗೊಂದು ಮಿಕ್ಸರ್ ತರಬೇಕೆಂಬ ಮಾತನ್ನು ನಾನು ಮೊದಲ ಬಾರಿಗೆ ಎತ್ತಿದಾಗ ನನ್ನ ಶ್ರೀಮತಿಯವರು, "ಇರೋ ಮಿಕ್ಸಿಗೆ ಏನಾಗಿದೆ ಅಂತೀನಿ? ಜಾರಿನ ರಬ್ಬರ್ ಒಂದು ಬದಲಾಯಿಸಿದ್ರೆ ಇನ್ನೂ ಐದು ವರ್ಷ ಬರ್ತದೆ" ಎಂದರು. ನಾನು ಹೇಳಿದ್ದು ಚಟ್ನಿ ರುಬ್ಬುವ ಯಂತ್ರವನ್ನಲ್ಲ, ಧ್ವನಿಗಳನ್ನು ಬೆರೆಸುವ ಯಂತ್ರವನ್ನು ಎಂದು ತಿಳಿಸಿದಾಗ ಅವರು ನಕ್ಕರು. ಬೆಲೆ ತಿಳಿಸಿದಾಗ ನಗು ನಿಂತಿತು. ಈ ಬರಹ ಆ ಯಂತ್ರವನ್ನು ಆರಿಸಿದ ಬಗೆಯನ್ನು ಕುರಿತದ್ದು. ಜೊತೆಗೆ, ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ಉಳಿದಿದ್ದ ಒಂದು ಋಣವನ್ನು ಕುರಿತದ್ದೂ ಹೌದು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಫೋನಿನಲ್ಲಿ, "ಮೇಷ್ಟ್ರು ಅಜ್ಜೀಪುರದಲ್ಲಿ ಕರೋಕೆ ಶುರುಮಾಡಿದ್ದಾರಂತೆ!" ಎಂದು ಅಚ್ಚರಿಯಿಂದ ವಿಚಾರಿಸುತ್ತಾರೆ. ಸುದ್ದಿ ನಿಜ. ತಿಂಗಳ ಎರಡನೆಯ ಶನಿವಾರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ನಿವೃತ್ತರು, ಅಂಗಡಿಯವರು, ನೆರೆಮನೆಯ ಹೆಣ್ಣುಮಕ್ಕಳು, ಒಮ್ಮೊಮ್ಮೆ ಹನೂರಿನಿಂದ ಬರುವ ನನ್ನ ಸಹೋದ್ಯೋಗಿಗಳು. ಫೋನಿನಲ್ಲಿ ಹಾಡಿನ ಹಿನ್ನೆಲೆ ವಾದ್ಯ ಮಾತ್ರ ನುಡಿಯುತ್ತದೆ, ಹಾಡುವವರು ನಾವು. ಹೆಚ್ಚಿನವು ಪಿ.ಬಿ. ಶ್ರೀನಿವಾಸರು ಹಾಡಿದ ಚಿತ್ರಗೀತೆಗಳು. 1974ರ 'ಸಂಪತ್ತಿಗೆ ಸವಾಲ್' ಚಿತ್ರದ ಅನಂತರ ರಾಜಕುಮಾರ್ ಅವರು ತಾವೇ ಹಾಡಲಾರಂಭಿಸಿದ ಕಾಲದ ಗೀತೆಗಳೂ ಉಂಟು. ನಮ್ಮ ಸೀಮೆಯ ಸಿಂಗಾನಲ್ಲೂರಿನ ಹೆಸರನ್ನು ತಂದೆಯ ಹೆಸರಿನೊಡನೆ ಹೊತ್ತವರು ಅವರು. ಅವರ ಹಾಡೆಂದರೆ ನಮ್ಮವರಿಗೆ ಮನೆಯವರ ಹಾಡು.

ಕರೋಕೆ ಎಂಬುದು ಜಪಾನಿನ ಮಾತು. 'ಕರ' ಎಂದರೆ ಖಾಲಿ, 'ಓಕೆ' ಎಂಬುದು ಆರ್ಕೆಸ್ಟ್ರಾ ಶಬ್ದದ ಮೊಟಕು ರೂಪ. ಗಾಯಕನಿಲ್ಲದ ವಾದ್ಯಮೇಳ ಎಂದು ಅರ್ಥ. 1971ರಲ್ಲಿ ಕೋಬೆ ನಗರದ ದೈಸುಕೆ ಇನೋವೆ ಎಂಬ ವಾದ್ಯಗಾರ ಇದಕ್ಕಾಗಿ ಒಂದು ಯಂತ್ರವನ್ನು ಕಟ್ಟಿದ. ಅದರ ಹಿಂದಿನ ಪ್ರಸಂಗ ನನಗೆ ಬಹಳ ಪ್ರಿಯವಾದುದು. ಅವನ ಬಳಿ ಹಾಡಲು ಬರುತ್ತಿದ್ದ ಒಬ್ಬ ವ್ಯಾಪಾರಿಗೆ ತಾಳ ಶ್ರುತಿಗಳು ಅಷ್ಟಾಗಿ ನಿಲ್ಲುತ್ತಿರಲಿಲ್ಲ. ಇನೋವೆ ಮಾತ್ರ ಆತ ಹಾಡಿದಂತೆಯೇ ಅನುಸರಿಸಿ ನುಡಿಸುತ್ತಿದ್ದ. ಆ ವ್ಯಾಪಾರಿ ಪ್ರವಾಸಕ್ಕೆ ಹೊರಟಾಗ ಇವನನ್ನೂ ಕರೆದ. ಹೋಗಲಾಗದ ಇನೋವೆ, ಆತನ ಕಂಠಕ್ಕೆ ಹೊಂದುವಂತೆ ನುಡಿಸಿ ಟೇಪಿನಲ್ಲಿ ಮುದ್ರಿಸಿ ಕೊಟ್ಟುಕಳುಹಿಸಿದ. ಈ ಉಪಾಯವೇ ಮುಂದೆ ಯಂತ್ರವಾಯಿತು. ಇನೋವೆ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. 2004ರಲ್ಲಿ ಅವನಿಗೆ ವಿನೋದದ 'ಇಗ್ ನೊಬೆಲ್' ಶಾಂತಿ ಪ್ರಶಸ್ತಿಯನ್ನು ಕೊಟ್ಟರು, ಜನರು ಪರಸ್ಪರ ಸಹಿಸಿಕೊಳ್ಳಲು ಹೊಸದೊಂದು ಮಾರ್ಗ ತೋರಿಸಿದ್ದಕ್ಕಾಗಿ. ಅಂದರೆ, ಈ ವಿದ್ಯೆ ಹುಟ್ಟಿದ್ದೇ ಚೆನ್ನಾಗಿ ಹಾಡಲಾರದವನೊಬ್ಬನಿಗಾಗಿ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಆರಂಭದಲ್ಲಿ ನಮ್ಮಲ್ಲಿದ್ದುದು ಚಕ್ರ ಹಚ್ಚಿದ ಒಂದು ಸ್ಪೀಕರ್ ಪೆಟ್ಟಿಗೆ ಮತ್ತು ಅದರೊಡನೆ ಬಂದ ತಂತಿಯಿಲ್ಲದ ಎರಡು ಮೈಕುಗಳು. ಎರಡಕ್ಕೂ ಸೇರಿ ಒಂದೇ ಗುಂಡಿ. ಏರುದನಿಯವರು ಹಾಡಿದರೆ ಕಿಟಕಿಯ ಗಾಜು ನಡುಗುತ್ತಿತ್ತು. ಮೆಲುದನಿಯವರು ಹಾಡಿದರೆ ತುಟಿ ಮಾತ್ರ ಅಲುಗುತ್ತಿರುವಂತೆ ಕಾಣುತ್ತಿತ್ತು. ಧ್ವನಿ ಏರಿಸಿದೊಡನೆ ಪೆಟ್ಟಿಗೆ ಕುಯ್ಯೆಂದು ಕೂಗುತ್ತಿತ್ತು. ಎಲ್ಲರ ದನಿಯ ಮೇಲೂ ಬಾವಿಯೊಳಗಿನಿಂದ ಬಂದಂತಹ ಪ್ರತಿಧ್ವನಿ.

ಆ ಸಂಜೆಗಳಿಗೆ ತಪ್ಪದೆ ಬರುತ್ತಿದ್ದವರಲ್ಲಿ ನನ್ನ ಶಿಷ್ಯನೊಬ್ಬನಿದ್ದ. ಹೊಲಿಗೆ ಅವನ ವೃತ್ತಿ. ಈಗ ಅವನಿಗೂ ತಲೆ ನರೆತಿದೆ. ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು, ಪ್ರತಿಯೊಂದು ಹಾಡಿಗೂ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಮೈಕ್ ಅವನತ್ತ ಬಂದಾಗಲೆಲ್ಲ ಪಕ್ಕದವರಿಗೆ ದಾಟಿಸಿಬಿಡುತ್ತಿದ್ದ. "ನಾನು ಹಾಡಕ್ಕೆ ಬಂದಿಲ್ಲ ಮೇಷ್ಟ್ರೇ, ಕೇಳಕ್ಕೆ ಬಂದಿವ್ನಿ" ಎಂಬುದು ಅವನ ಸಿದ್ಧ ಉತ್ತರ. ಅವನೇಕೆ ಹಾಡುವುದಿಲ್ಲವೆಂಬುದು ಆ ಪಡಸಾಲೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

1986ರ ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭ. ಶಾಲೆಗೆ ಬಾಡಿಗೆಗೆ ತಂದಿದ್ದ ಮೈಕ್ ಸೆಟ್: ಒಂದು ಆಂಪ್ಲಿಫೈಯರ್, ಹುಣಸೆಮರಕ್ಕೆ ಕಟ್ಟಿದ ತುತ್ತೂರಿಯಾಕಾರದ ಎರಡು ಧ್ವನಿವರ್ಧಕಗಳು, ಒಂದೇ ಒಂದು ಮೈಕ್. ಈ ಹುಡುಗ ಹದಿನೈದು ದಿನ ಒಂದು ದೇಶಭಕ್ತಿ ಗೀತೆಯನ್ನು ಕಲಿತಿದ್ದ. ಹಿಂದಿನ ದಿನದ ತಾಲೀಮಿನಲ್ಲಿ ಅವನ ದನಿ ಮೈದಾನದ ನಡುವಿಗೂ ತಲುಪಲಿಲ್ಲ. ನಾನು ಅವನನ್ನು ಇಳಿಸಿ, ಗಟ್ಟಿದನಿಯ ಮತ್ತೊಬ್ಬನನ್ನು ನಿಲ್ಲಿಸಿದೆ. ಅಷ್ಟೇ ಆಗಿದ್ದರೆ ಕ್ಷಮೆಯುಂಟು. "ನಿನ್ನ ದನಿಗೆ ಮೈಕ್ ಕೊಟ್ಟರೆ ಮೈಕಿಗೇ ಅವಮಾನ" ಎಂದುಬಿಟ್ಟೆ. ಮಕ್ಕಳು ನಕ್ಕರು, ನಾನೂ ನಕ್ಕೆ. ಆ ಮಾತಿನ ಚಮತ್ಕಾರ ಆಗ ನನಗೆ ಹಿತವಾಗಿಯೇ ಇತ್ತು ಎಂಬುದನ್ನು ಮುಚ್ಚಿಡಲಾರೆ.

ಹೀಗಾಗಿ ಮಿಕ್ಸರ್ ಕೊಳ್ಳುವ ಯೋಚನೆ ಬಂದದ್ದು. ಹತ್ತು ಸಾವಿರ ರೂಪಾಯಿ ಮೀರಬಾರದೆಂಬುದು ಮನೆಯೊಳಗಿನ ಒಪ್ಪಂದ. ಮೊದಲಿಗೆ ನಾನು ಮಾಡಿದ್ದು ಮೂರ್ಖತನ. ಚಿತ್ರದಲ್ಲಿ ಅತಿ ಹೆಚ್ಚು ಗುಂಡಿಗಳೂ ಬಣ್ಣದ ದೀಪಗಳೂ ಇದ್ದುದನ್ನು, ಅತಿ ಕಡಿಮೆ ಬೆಲೆಯದೆಂದು ತರಿಸಿದೆ. ಮೈಕ್ ಜೋಡಿಸಿ ಮೆಲುದನಿಗೆಂದು ಗುಂಡಿ ತಿರುಗಿಸಿದರೆ, ದನಿಗಿಂತ ಮೊದಲು ಒಗ್ಗರಣೆ ಹಾಕಿದಂತಹ ಸುಯ್ ಸದ್ದೇ ಏರತೊಡಗಿತು. ಅದನ್ನು ಹಿಂದಿರುಗಿಸಿದ ಮೇಲೆ, ಕೊಳ್ಳೇಗಾಲದಲ್ಲಿ ಮದುವೆಗಳಿಗೆ ಧ್ವನಿ ವ್ಯವಸ್ಥೆ ಮಾಡುವ ಮತ್ತೊಬ್ಬ ಶಿಷ್ಯನಲ್ಲಿಗೆ ಹೋದೆ. ಅರ್ಧ ದಿನ ಅವನು ಮೇಷ್ಟ್ರು, ನಾನು ವಿದ್ಯಾರ್ಥಿ. ಅವನು ಕಲಿಸಿದ್ದನ್ನು, ಕೊಳ್ಳಬೇಕೆಂದಿರುವವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ.

ಮೊದಲನೆಯದು, ಹೆಸರಿನಲ್ಲಿರುವ ಅಂಕಿಗೆ ಮರುಳಾಗಬಾರದು. ಬೆಹ್ರಿಂಜರ್ ಸಂಸ್ಥೆಯ ಕ್ಸೆನಿಕ್ಸ್ 502ರಲ್ಲಿ ಪ್ರವೇಶಗಳು ಐದು, ಆದರೆ ಮೈಕಿಗೆ ಒಂದೇ. 802ರಲ್ಲಿ ಎಂಟು, ಮೈಕಿಗೆ ಎರಡು. ಯಮಹಾದ ಎಂಜಿ10ಎಕ್ಸ್‌ಯು ಎಂಬುದರಲ್ಲಿ ಹತ್ತು, ಮೈಕಿಗೆ ನಾಲ್ಕು. ಉಳಿದವು ಫೋನು, ಕೀಬೋರ್ಡು ಮುಂತಾದವುಗಳಿಗೆ. ಎಡಬಲ ಕಿವಿಗಳ ಜೋಡಿಯನ್ನು ಎರಡೆಂದು ಎಣಿಸುವುದರಿಂದ ಅಂಕಿ ದೊಡ್ಡದಾಗಿ ಕಾಣುತ್ತದೆ. ಮನೆಯ ಕರೋಕೆಗೆ ಬೇಕಾದದ್ದು ಎರಡು ಮೈಕ್, ಒಂದು ಫೋನು. ಅಷ್ಟು ಸಾಕು.

ಎರಡನೆಯದು, ಮೈಕಿನ ಪ್ರವೇಶದಲ್ಲಿ 'ಗೇನ್' ಎಂಬ ಪ್ರತ್ಯೇಕ ಗುಂಡಿ ಇರಲೇಬೇಕು. ಫೋನಿನಿಂದ ಬರುವ ವಿದ್ಯುತ್ ಸಂಕೇತಕ್ಕಿಂತ ಮೈಕಿನಿಂದ ಬರುವುದು ನೂರಾರು ಪಟ್ಟು ಕ್ಷೀಣ. ಅದನ್ನು ಮೊದಲು ಎತ್ತಿ ಸಮಕ್ಕೆ ತರುವುದು ಗೇನ್ ಕೆಲಸ. ಮಿಕ್ಸರಿನ ಒಳ್ಳೆಯತನ ಗೊತ್ತಾಗುವುದು ಇಲ್ಲಿಯೇ: ಮೆಲುದನಿಯನ್ನು ಎತ್ತುವಾಗ ಸುಯ್ ಸದ್ದನ್ನು ಜೊತೆಗೆ ಎತ್ತಬಾರದು. ಪರೀಕ್ಷೆ ಸುಲಭ. ಮೈಕ್ ಜೋಡಿಸಿ, ಯಾರೂ ಮಾತಾಡದೆ, ಗೇನನ್ನು ಮುಕ್ಕಾಲು ಭಾಗ ತಿರುಗಿಸಿ ಹೆಡ್‌ಫೋನಿನಲ್ಲಿ ಕೇಳಿರಿ. ಮಿಕ್ಸರನ್ನು ಗಟ್ಟಿದನಿಯವನಿಂದ ಪರೀಕ್ಷಿಸಬಾರದು. ಅವನಿಗೆ ಎಂತಹ ಯಂತ್ರವೂ ನಡೆಯುತ್ತದೆ.

ಮೂರನೆಯದು, ಮೂರು ಕಡ್ಡಿಗಳ ಎಕ್ಸ್ಎಲ್ಆರ್ ತಂತಿಯ ಮೈಕ್ ಮೇಲು. ಅದರಲ್ಲಿ ಒಂದೇ ಸಂಕೇತ ಎರಡು ಎಳೆಗಳಲ್ಲಿ ಪರಸ್ಪರ ವಿರುದ್ಧವಾಗಿ ಹರಿಯುವುದರಿಂದ ದಾರಿಯಲ್ಲಿ ಸೇರಿದ ಗದ್ದಲ ಕೊನೆಯಲ್ಲಿ ತಾನೇ ಅಳಿಯುತ್ತದೆ. 48 ವೋಲ್ಟಿನ 'ಫ್ಯಾಂಟಮ್' ವಿದ್ಯುತ್ತು ಕಂಡೆನ್ಸರ್ ಮೈಕುಗಳಿಗೆ ಬೇಕು. ಹಾಡುಗಾರರು ಕೈಯಲ್ಲಿ ಹಿಡಿಯುವ ಸಾಮಾನ್ಯ ಡೈನಾಮಿಕ್ ಮೈಕಿಗೆ ಬೇಡ. ಅದಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ನಾಲ್ಕನೆಯದು, ಪ್ರತಿಧ್ವನಿಯ ಸೌಲಭ್ಯ ಇರಲಿ, ಆದರೆ ಪ್ರತಿ ಮೈಕಿಗೂ ಬೇರೆಬೇರೆಯಾಗಿ ಕೂಡಿಸಲು, ಕಳೆಯಲು ಬರುವಂತಿರಲಿ. ಉಪ್ಪಿನಂತೆ ಅದು: ಇಲ್ಲದಿದ್ದರೆ ಸಪ್ಪೆ, ಹೆಚ್ಚಾದರೆ ಬಾಯಿಗಿಡಲಾಗದು. ಅತಿಯಾದ ಪ್ರತಿಧ್ವನಿ ಹಾಡುಗಾರನ ತಪ್ಪನ್ನು ಮುಚ್ಚುತ್ತದೆಂದು ಹೇಳುವರು. ಅದು ಹಾಡುಗಾರನನ್ನೇ ಮುಚ್ಚಿಬಿಡುತ್ತದೆ.

ಐದನೆಯದು, ಮಿಕ್ಸರಿನಿಂದ ಸ್ಪೀಕರಿಗೆ ಹೋಗುವ ದಾರಿ ತಂತಿಯದೇ ಆಗಿರಲಿ. ಬ್ಲೂಟೂತಿನಲ್ಲಿ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ತಡವಾಗುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆಂದು ನಾನೇ ನಿಮಗೆ ಪಾಠ ಹೇಳಿದ್ದೆನಲ್ಲವೆ? ಲೆಕ್ಕ ಹಾಕಿ ನೋಡಿ: ತನ್ನ ಹಾಡನ್ನು 34 ಮೀಟರ್ ಆಚೆಯ ಧ್ವನಿವರ್ಧಕದಿಂದ ಕೇಳುತ್ತಾ ಹಾಡಿದಂತೆ. ಎಂತಹವನಿಗೂ ತಾಳ ತಪ್ಪುತ್ತದೆ.

ಇದನ್ನೆಲ್ಲ ಹೇಳಿ ಆ ಶಿಷ್ಯ ತನ್ನ ಉಗ್ರಾಣದಿಂದ, ಮದುವೆಗಳಿಗೆ ಚಿಕ್ಕದಾಯಿತೆಂದು ಬದಿಗಿಟ್ಟಿದ್ದ ಒಂದು ಮಿಕ್ಸರನ್ನು ತೆಗೆದುಕೊಟ್ಟ. ಮೈಕಿಗೆ ಎರಡು ಪ್ರವೇಶ, ಬಣ್ಣದ ದೀಪಗಳಿಲ್ಲ, ಒಂದು ಮೂಲೆಯಲ್ಲಿ ಬಣ್ಣ ಕಿತ್ತುಹೋಗಿದೆ. ಆರು ಸಾವಿರದ ಐನೂರು. ತಂತಿಗಳಿಗೆ ಹಣ ತೆಗೆದುಕೊಳ್ಳಲಿಲ್ಲ. ಮನೆಯ ಪ್ಲಗ್ಗಿಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಗುಂಯ್ ಎನ್ನುವ ಸದ್ದು ಬರುವುದೆಂದೂ, ಸ್ಪೀಕರನ್ನು ಹಾಡುವವರ ಮುಂದೆ, ಕೇಳುವವರತ್ತ ತಿರುಗಿಸಿ ಇಡಬೇಕೆಂದೂ ಹೇಳಿದ. ಮೈಕ್ ತನ್ನ ದನಿಯನ್ನು ಸ್ಪೀಕರಿನಿಂದ ಮತ್ತೆ ಕೇಳಿಸಿಕೊಂಡಾಗಲೇ ಆ ಕುಯ್ ಎಂಬ ಕೂಗು ಹುಟ್ಟುವುದು.

ಮುಂದಿನ ಎರಡನೆಯ ಶನಿವಾರ ಹೊಸ ವ್ಯವಸ್ಥೆಯಲ್ಲಿ ಎಲ್ಲರೂ ಒಂದೊಂದು ಹಾಡಿದರು. ಒಬ್ಬೊಬ್ಬರು ಬಂದಾಗಲೂ, ಅವರ ಅತಿ ಏರಿದ ಸಾಲನ್ನು ಒಮ್ಮೆ ಹೇಳಿಸಿ, ಕೆಂಪು ದೀಪ ಹೊತ್ತದಂತೆ ಗೇನ್ ಹೊಂದಿಸಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ನಮ್ಮದು ಒಂಬತ್ತಕ್ಕೇ ಮುಗಿಯುವ ಮೇಳ. ಎಂಟೂವರೆಯಾಗಿತ್ತು. ನಾನು ಮೈಕನ್ನು ಹಿಡಿದು ಬಾಗಿಲ ಬಳಿಯ ಕುರ್ಚಿಗೇ ಹೋದೆ. "ಇವತ್ತು ದಾಟಿಸಬೇಡ ಕಣಪ್ಪ" ಎಂದೆ. ಅವನು ನನ್ನ ಮುಖವನ್ನು ನೋಡಿದ. ಎದ್ದು ಬಂದ.

ಹೇಳಿಸಿದ ಸಾಲು ಪಿಸುಮಾತಿನಂತಿತ್ತು. ಗೇನನ್ನು ಏರಿಸಿದೆ, ಹಿನ್ನೆಲೆ ವಾದ್ಯವನ್ನು ಇಳಿಸಿದೆ. ನಮ್ಮ ಸೀಮೆಯ ಕಂಸಾಳೆಯವರು ಮಾದಪ್ಪನ ಕಥೆ ಹೇಳುವಾಗ ಇದನ್ನೇ ಯಂತ್ರವಿಲ್ಲದೆ ಮಾಡುತ್ತಾರೆ: ಮುಂದಾಳು ಕಥೆಯನ್ನು ಎತ್ತಿಕೊಂಡಾಗ ಉಳಿದವರ ತಾಳ ಮೆಲ್ಲಗಾಗುತ್ತದೆ. ಮೈಕನ್ನು ತುಟಿಗೆ ಎರಡು ಬೆರಳಿನ ಅಂತರದಲ್ಲಿ ಹಿಡಿಯುವಂತೆ ಹೇಳಿದೆ. ಶ್ರೀನಿವಾಸರ ಒಂದು ಹಾಡನ್ನು ಅವನು ಹಾಡಿದ. ಎರಡು ಕಡೆ ಶ್ರುತಿ ಜಾರಿತು, ಚರಣದ ಆರಂಭದಲ್ಲಿ ತಡವರಿಸಿದ. ಆದರೆ ಒಂದೊಂದು ಅಕ್ಷರವೂ ಅಡುಗೆಮನೆಯವರೆಗೆ ಸ್ಪಷ್ಟವಾಗಿ ಕೇಳಿಸಿತು. ನನ್ನ ಶ್ರೀಮತಿಯವರು ಕೈಯಲ್ಲಿದ್ದ ಸೌಟಿನೊಡನೆ ಹೊರಗೆ ಬಂದು ನಿಂತರು.

ಎಲ್ಲರೂ ಹೋದ ಮೇಲೆ ಅವನು ತಂತಿ ಸುತ್ತಲು ಉಳಿದ. ಆಗ ಕೇಳಿದೆ, "ಆ ಆಗಸ್ಟ್ ಹದಿನೈದರಂದು ನಾನು ಹಾಗೆ ಹೇಳಬಾರದಿತ್ತು. ನಿನಗೆ ನೆನಪಿದೆಯೆ?" ಅವನು ತಂತಿಯಿಂದ ಕಣ್ಣೆತ್ತದೆ, "ಅದ್ಯಾಕೆ ಬಿಡಿ ಮೇಷ್ಟ್ರೇ. ಆಗ ಇದ್ದದ್ದೇ ಒಂದು ಮೈಕು. ನೀವಾದ್ರೂ ಏನ್ ಮಾಡಕ್ಕಾಗ್ತಿತ್ತು?" ಎಂದ.

ಶಿಷ್ಯನ ದೊಡ್ಡ ಮನಸ್ಸು ಅದು. ಆದರೆ ನಿಜ ಹಾಗಿರಲಿಲ್ಲ. ಆ ಬಾಡಿಗೆಯ ಆಂಪ್ಲಿಫೈಯರಿನ ಮೇಲೂ 'ಮೈಕ್' ಎಂದು ಬರೆದ ಗುಂಡಿಯೊಂದಿತ್ತು. ತಾಲೀಮಿನ ಹೊತ್ತಿನಲ್ಲಿ ಅದರ ಪಕ್ಕದಲ್ಲೇ ಕುರ್ಚಿ ಹಾಕಿ ಕುಳಿತಿದ್ದವನು ನಾನು. ತಿರುಗಿಸಲಿಲ್ಲ. ಒಂದೆರಡು ಹೆಜ್ಜೆ ಮುಂದೆ ಬಾ ಎಂದೂ ಹುಡುಗನಿಗೆ ಹೇಳಲಿಲ್ಲ.

ನಿಮ್ಮಲ್ಲಿ ಹಲವರು ಈಗ ಉಪಾಧ್ಯಾಯರಾಗಿದ್ದೀರಿ. ಶಾಲೆಗೆ ಮಿಕ್ಸರ್ ಕೊಳ್ಳುವ ಸಂದರ್ಭ ಬಂದರೆ ಮೇಲೆ ಬರೆದ ಐದು ಮಾತುಗಳು ನೆರವಾಗಬಹುದು. ಕೊಳ್ಳಲು ಹಣವಿಲ್ಲದಿದ್ದರೆ, ಇರುವ ಪೆಟ್ಟಿಗೆಯ ಗುಂಡಿಯನ್ನಾದರೂ ಒಮ್ಮೆ ತಿರುಗಿಸಿ ನೋಡಿರಿ. ಮುಂದಿನ ಎರಡನೆಯ ಶನಿವಾರ ಅಜ್ಜೀಪುರದ ಕಡೆ ಬರುವವರು ಆರು ಗಂಟೆಗೇ ಬನ್ನಿ. ಬಾಗಿಲ ಬಳಿಯ ಕುರ್ಚಿ ಈಗ ಖಾಲಿಯಿರುತ್ತದೆ.